ಕಬ್ಬು, ಕುದುರೆ ಮತ್ತು ಗೇಮ್ ಅಕೌಂಟ್

ಇವತ್ತಿನ ಮಾತನ್ನು ಹೊಸಪೇಟೆಯ ಚಿತ್ತವಾಡ್ಗಿಯಿಂದ ಶುರು ಮಾಡೋಣ.

ಹಳಬರನ್ನು ಕೇಳಿ ನೋಡಿ. ಒಂದು ಕಾಲದಲ್ಲಿ ಚಿತ್ತವಾಡ್ಗಿ ಬಂತು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತಂತೆ. ಕಾಕಂಬಿಯ ವಾಸನೆ, ಸಾಲುಗಟ್ಟಿ ನಿಂತ ಕಬ್ಬಿನ ಗಾಡಿಗಳು, ಕಾರ್ಖಾನೆಯ ಸೈರನ್. 1930ರ ದಶಕದಲ್ಲಿ ಹುಟ್ಟಿದ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್, ಜನರ ಬಾಯಲ್ಲಿ ಐಎಸ್‌ಆರ್ ಫ್ಯಾಕ್ಟರಿ, ಅಲ್ಲಿಯ ಗಡಿಯಾರವೇ ಆಗಿತ್ತು. ಆ ಕಾರ್ಖಾನೆ ಬಾಗಿಲು ಮುಚ್ಚಿ ಹತ್ತು ವರ್ಷದ ಹತ್ತಿರ ಬಂತು. ಅದರ ಬಗ್ಗೆಯೇ ಒಂದು ವರದಿಗೆ ಅಂತ ನಾನು ಆ ಕಡೆ ಹೋಗಿದ್ದೆ.

ಕಬ್ಬು ಬೆಳೆಯುವ ಒಬ್ಬ ಹಿರಿಯರ ಮನೆ. ಜಗಲಿ ಮೇಲೆ ಮೊಮ್ಮಗ ಮುಖ ಊದಿಸಿಕೊಂಡು ಕೂತಿದ್ದ. ಏನಪ್ಪಾ ಅಂದೆ. ಕೈಯಲ್ಲಿ ಹೊಸ ಫೋನ್ ಇತ್ತು, ಬೇರೆ ಕಂಪನಿಯದ್ದು. ಹಳೆಯ ಫೋನಿನಲ್ಲಿ ನಾಲ್ಕು ವರ್ಷ ಆಡಿದ ಆನ್‌ಲೈನ್ ಗೇಮ್ ಒಂದಿತ್ತು. ಆಟದ ಹೆಸರು ಬೇಡ. ಹುಟ್ಟುಹಬ್ಬಕ್ಕೆ ಸಿಕ್ಕ ದುಡ್ಡನ್ನೆಲ್ಲ ಅದರಲ್ಲಿ ಹಾಕಿ ಬಟ್ಟೆ, ಬಂದೂಕಿನ ಬಣ್ಣ, ಅದು ಇದು ಕೊಂಡಿದ್ದ. ಆ ಅಕೌಂಟನ್ನು ಹಳೆಯ ಫೋನಿನ ಆ್ಯಪ್ ಅಂಗಡಿಯ ಲಾಗಿನ್‌ಗೆ ಕಟ್ಟಿಕೊಂಡಿದ್ದ. ಹೊಸ ಫೋನಿನಲ್ಲಿ ಅದೇ ಗೇಮ್ ಇದೆ, ಆದರೆ ಆ ಲಾಗಿನ್ ಬಟನ್ನೇ ಇಲ್ಲ!

"ಐಡಿ ಅಲ್ಲೇ ಐತಣ್ಣ, ಒಳಗ ಬಿಡಂಗಿಲ್ಲ," ಅಂದ ಹುಡುಗ.

ಒಳಗಿನಿಂದ ತಾತ ನಕ್ಕರು. "ನಮ್ ಕಬ್ಬಿಂದೂ ಹಿಂಗ ಇತ್ತು ನೋಡ್ರೀ ಸರ. ಹೊಲ ನಮ್ದು, ಬೆಳಿ ನಮ್ದು. ಕೊಡಾಕ ಮಾತ್ರ ಒಂದ ಬಾಗಿಲು."

ವೀಕ್ಷಕರೇ, ನಾನು ಹೋಗಿದ್ದು ಮುಚ್ಚಿದ ಕಾರ್ಖಾನೆಯ ವರದಿಗೆ. ವಾಪಸ್ ಬರುವಾಗ ಕಾರಿನಲ್ಲಿ ಯೋಚಿಸುತ್ತಾ ಬಂದಿದ್ದು ಈ ಒಂದು ಬಾಗಿಲಿನ ಬಗ್ಗೆ. ಗೇಮ್ ಅಂದ ಕೂಡಲೇ ಇದು ಮಕ್ಕಳ ವಿಷಯ, ಚಾನೆಲ್ ಬದಲಾಯಿಸೋಣ ಅನ್ನಬೇಡಿ. ಹಣ ಕೊಟ್ಟವನು ನೀವು, ಕೀಲಿ ಇನ್ನೊಬ್ಬನ ಕೈಲಿ ಅನ್ನುವ ವ್ಯವಸ್ಥೆಗೆ ದೊಡ್ಡ ಇತಿಹಾಸ ಇದೆ. ಅದರ ಒಂದು ಅಧ್ಯಾಯ ಚಿತ್ತವಾಡ್ಗಿಯಿಂದ ಕೆಲವೇ ಮೈಲಿ ದೂರದ ಹಂಪಿಯಲ್ಲೇ ಇದೆ.

ಹಂಪಿಯಲ್ಲಿ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಬಜಾರಿನ ದಾರಿಯಲ್ಲಿ ಕುದುರೆಗೊಂಬೆ ಮಂಟಪ ಅಂತ ಒಂದಿದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಹೋಗುವವರು ಅದನ್ನು ನೋಡಿಯೂ ನೋಡದೆ ಮುಂದೆ ಹೋಗುತ್ತಾರೆ. ಮಹಾನವಮಿ ದಿಬ್ಬದ ಗೋಡೆಗಳಲ್ಲೂ ಪರದೇಶಿ ವೇಷದವರು ಕುದುರೆ ಹಿಡಿದು ತರುವ ಕೆತ್ತನೆಗಳಿವೆ. ಯಾಕೆ ಇಷ್ಟೊಂದು ಕುದುರೆ? ದಕ್ಷಿಣದ ಹವೆಗೆ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದೂ ಕಷ್ಟ, ಬದುಕುವುದೂ ಕಷ್ಟ. ಹಾಗಾಗಿ ಅರೇಬಿಯಾದಿಂದ, ಹೊರ್ಮುಜ್‌ನಿಂದ ವರ್ಷವರ್ಷವೂ ಹಡಗಿನಲ್ಲಿ ಬರಬೇಕು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದರೆ ಪ್ರತಿ ವರ್ಷ ರೀಚಾರ್ಜ್ ಮಾಡಿಸಲೇಬೇಕು.

ಫೆರ್ನಾವ್ ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ 1530ರ ದಶಕದಲ್ಲಿ ವಿಜಯನಗರದಲ್ಲಿ ಇದ್ದು ಹೋದವನು. ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಬರೆದಿದ್ದಾನೆ. ಸಾಳುವ ನರಸಿಂಹನ ಬಗ್ಗೆ ಅವನು ಬರೆದ ಮಾತು ಇನ್ನೂ ಸ್ವಾರಸ್ಯ. ಆ ದೊರೆ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತರೆ ವ್ಯಾಪಾರಿ ಬರೀ ಬಾಲ ತಂದು ತೋರಿಸಿದರೆ ಸಾಕಿತ್ತು. ಇದು ದಡ್ಡತನ ಅಲ್ಲ, ಲೆಕ್ಕಾಚಾರ. ವ್ಯಾಪಾರಿಯ ನಷ್ಟ ನಾನು ಹೊರುತ್ತೇನೆ, ನೀನು ನನ್ನ ಬಂದರಿಗೇ ಬಾ, ಶತ್ರುವಿನ ಬಂದರಿಗೆ ಹೋಗಬೇಡ ಅನ್ನುವ ಆಫರ್. ಕೃಷ್ಣದೇವರಾಯ ಕೂಡ 'ಆಮುಕ್ತಮಾಲ್ಯದ'ದಲ್ಲಿ ದೂರದೇಶದ ವ್ಯಾಪಾರಿಗಳನ್ನು ಸತ್ಕರಿಸಿ ಹತ್ತಿರ ಇಟ್ಟುಕೊಳ್ಳಬೇಕು ಅನ್ನುತ್ತಾನೆ. ಆಗ ಭಟ್ಕಳ, ಹೊನ್ನಾವರ, ಹೀಗೆ ಬಂದರು ಹಲವು ಇದ್ದವು. ಅಂಗಡಿ ಹಲವು ಇದ್ದಾಗ ಗ್ರಾಹಕನಿಗೆ ಬೆಲೆ.

1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಕುದುರೆ ಹಡಗುಗಳೆಲ್ಲ ಗೋವಾಕ್ಕೇ ಬರಬೇಕು ಅಂತ ಮಾಡಿದ. ಸಮುದ್ರದಲ್ಲಿ ಓಡಾಡಲು ಕರ್ತಾಜ್ ಅನ್ನುವ ಪರವಾನಗಿ ಚೀಟಿ. ಚೀಟಿ ಇಲ್ಲದ ಹಡಗನ್ನು ಹಿಡಿಯಬಹುದು, ಸರಕು ಮುಟ್ಟುಗೋಲು ಹಾಕಬಹುದು. ನೋಡಿ, ಪೋರ್ಚುಗೀಸರು ಒಂದು ಕುದುರೆಯನ್ನೂ ಬೆಳೆಸಲಿಲ್ಲ. ದಾರಿಯ ಮೇಲೆ ಕೂತರು, ಅಷ್ಟೇ. ಅಲ್ಲಿಂದ ಮುಂದೆ ವಿಜಯನಗರವೂ ಬಿಜಾಪುರವೂ ಒಂದೇ ಅಂಗಡಿಯ ಮುಂದೆ ನಿಂತ ಗಿರಾಕಿಗಳು. 1547ರಲ್ಲಿ ಗೋವಾದ ಗವರ್ನರ್ ಜೊಆಂವ್ ದೆ ಕಾಸ್ತ್ರೋ ಮತ್ತು ವಿಜಯನಗರದ ನಡುವೆ ಒಪ್ಪಂದ ಆಯಿತು. ಗೋವಾದ ಕುದುರೆಗಳು ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕೆ ಇಲ್ಲ. ಬದಲಿಗೆ ವಿಜಯನಗರದ ಪೆಟ್ಲುಪ್ಪು, ಕಬ್ಬಿಣ ಅಂಕೋಲಾ, ಹೊನ್ನಾವರದ ಮೂಲಕ ಪೋರ್ಚುಗೀಸರಿಗೆ. ಇವತ್ತು ಗೇಮ್ ಕಂಪನಿಗಳು 'ಎಕ್ಸ್‌ಕ್ಲೂಸಿವ್ ಡೀಲ್' ಅನ್ನುತ್ತಾರಲ್ಲ, ಇದು ಅದೇ. ಆ ಒಪ್ಪಂದ ಬಹುಕಾಲ ಬಾಳಲಿಲ್ಲ. ಅಂಗಡಿಯವನಿಗೆ ಇಬ್ಬರೂ ಗಿರಾಕಿ ಬೇಕು. ಗಿರಾಕಿಗೆ ಮಾತ್ರ ಬೇರೆ ಅಂಗಡಿ ಇಲ್ಲ.

ಈಗ ಮತ್ತೆ ಕಬ್ಬಿಗೆ ಬರೋಣ.

1932ರಲ್ಲಿ ಬ್ರಿಟಿಷ್ ಸರ್ಕಾರ ಹೊರದೇಶದ ಸಕ್ಕರೆಗೆ ಸುಂಕ ಹಾಕಿ ದೇಶದ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ನಾಲ್ಕೈದು ವರ್ಷದಲ್ಲಿ ದೇಶದ ತುಂಬ ಕಾರ್ಖಾನೆಗಳು ಎದ್ದವು. ಚಿತ್ತವಾಡ್ಗಿಯದ್ದೂ ಆ ಅಲೆಯಲ್ಲಿ ಬಂದಿದ್ದು. ಇಲ್ಲೇ ಯಾಕೆ? ವಿಜಯನಗರದ ಅರಸರು ಕಟ್ಟಿಸಿಹೋದ ರಾಯ, ಬಸವ, ತುರ್ತಾ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಬಾಳೆ, ಭತ್ತ, ಕಬ್ಬು ಮೂರೂ ಬೆಳೆಯುವ ನೆಲ. ಆಮೇಲೆ 1953ರಿಂದ ತುಂಗಭದ್ರಾ ಅಣೆಕಟ್ಟಿನ ನೀರೂ ಬಂತು.

ಕಬ್ಬಿನ ಗುಣ ಗೊತ್ತಿಲ್ಲದವರಿಗೆ ಒಂದು ಮಾತು. ಜೋಳ, ಶೇಂಗಾ ಆದರೆ ಮೂಟೆ ಕಟ್ಟಿ ಇಟ್ಟು, ರೇಟ್ ಬಂದಾಗ ಮಾರಬಹುದು. ಕಬ್ಬು ಹಾಗಲ್ಲ. ಕಡಿದ ದಿನದಿಂದಲೇ ಒಣಗುತ್ತದೆ, ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಅಂಶ ಕೆಡುತ್ತದೆ. ಕಡಿಯದೆ ಬಿಟ್ಟರೆ ಸೂಲಂಗಿ ಬಂದು ಬೆಂಡಾಗುತ್ತದೆ. ಅಂದರೆ ಕಬ್ಬು ಬೆಳೆದವನಿಗೆ ಕಾಯುವ ಶಕ್ತಿ ಇಲ್ಲ. ಕಾರ್ಖಾನೆಗೂ ಒಂದು ಕಷ್ಟ ಇದೆ. ಕೋಟಿಗಟ್ಟಲೆ ಸುರಿದು ಯಂತ್ರ ಹಾಕಿದ ಮೇಲೆ ದಿನಾ ಇಷ್ಟು ಟನ್ ಕಬ್ಬು ಬರಲೇಬೇಕು, ಇಲ್ಲದಿದ್ದರೆ ನಷ್ಟ.

ಈ ಎರಡು ಕಷ್ಟಗಳ ನಡುವೆ ಸರ್ಕಾರ ತಂದದ್ದು ಮೀಸಲು ಪ್ರದೇಶದ ವ್ಯವಸ್ಥೆ. 1966ರ ಕಬ್ಬು ನಿಯಂತ್ರಣ ಆದೇಶ ತೆಗೆದು ನೋಡಿ. ಇಂಥ ಪ್ರದೇಶ ಇಂಥ ಕಾರ್ಖಾನೆಗೆ ಮೀಸಲು, ಇಷ್ಟು ಕಬ್ಬನ್ನು ಅಲ್ಲಿಗೇ ಕೊಡಬೇಕು, ಪರ್ಮಿಟ್ ಇಲ್ಲದೆ ಹೊರಗೆ ಸಾಗಿಸುವಂತಿಲ್ಲ ಅಂತ ಹೇಳುವ ಅಧಿಕಾರ ಸರ್ಕಾರಕ್ಕಿದೆ. ಆ ಪ್ರದೇಶದಲ್ಲಿ ಕಬ್ಬು ಅರೆಯುವ ಸಣ್ಣ ಘಟಕಗಳ ಮೇಲೂ ಪರವಾನಗಿಯ ನಿಯಂತ್ರಣ ಹಾಕಬಹುದು. ಅಂದರೆ ಪಕ್ಕದ ಆಲೆಮನೆಗೂ ಬೇಲಿ. ತಾತ ಹೇಳಿದ 'ಒಂದ ಬಾಗಿಲು' ಇದೇ.

ಆದರೆ ಒಂದು ವಿಷಯ ಗಮನಿಸಿ. ಅದೇ ಆದೇಶ ಕಾರ್ಖಾನೆಯನ್ನೂ ಕಟ್ಟಿಹಾಕಿತು. ಕನಿಷ್ಠ ಬೆಲೆ ಸರ್ಕಾರ ಗೊತ್ತು ಮಾಡುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡ 15 ಬಡ್ಡಿ. ಇದೆಲ್ಲ ಕಾಗದದ ಮೇಲೆ ಇದ್ದಷ್ಟು ಸರಿಯಾಗಿ ಹೊಲದಲ್ಲಿ ನಡೆಯಲಿಲ್ಲ, ಬಾಕಿಗಾಗಿ ರೈತರು ಬೀದಿಗಿಳಿಯುವುದು ಪ್ರತಿ ಹಂಗಾಮಿನ ಸುದ್ದಿ. ಆದರೂ ಜಗಳ ಮಾಡಲು ಒಂದು ಕಾನೂನು ಕೈಯಲ್ಲಿತ್ತು. 2012ರಲ್ಲಿ ಸಿ. ರಂಗರಾಜನ್ ಸಮಿತಿ ಈ ಮೀಸಲು ಪದ್ಧತಿಯನ್ನು ಹಂತಹಂತವಾಗಿ ಬಿಡಿ, ರೈತ ತನಗೆ ಬೇಕಾದ ಕಾರ್ಖಾನೆಗೆ ಕೊಡಲಿ ಅಂತ ಶಿಫಾರಸು ಮಾಡಿತು. ಮಹಾರಾಷ್ಟ್ರ ಈ 'ಝೋನ್ ಬಂದಿ'ಯನ್ನು ಅದಕ್ಕಿಂತ ಮೊದಲೇ ತೆಗೆದಿತ್ತು.

ಚಿತ್ತವಾಡ್ಗಿಯಲ್ಲಿ ಆಗಿದ್ದು ಬೇರೆ. ಇಲ್ಲಿ ರೈತನ ಬೇಲಿ ಬಿಚ್ಚುವ ಮೊದಲೇ ಕಾರ್ಖಾನೆಯೇ ಮುಚ್ಚಿತು. ಈಗ ಯಾರೂ ತಡೆಯುವುದಿಲ್ಲ, ಎಲ್ಲಿಗೆ ಬೇಕಾದರೂ ಕಳಿಸಿ! ಆದರೆ ಲಾರಿ ಬಾಡಿಗೆ, ಕಟಾವಿನ ಗ್ಯಾಂಗಿನ ಕೂಲಿ, ದಾರಿಯಲ್ಲಿ ಒಣಗುವ ತೂಕ, ಇದನ್ನೆಲ್ಲ ಕಳೆದು ದೂರದ ಕಾರ್ಖಾನೆಯಿಂದ ಕೈಗೆ ಎಷ್ಟು ಬರುತ್ತದೆ? ಒಂದೇ ಅಂಗಡಿಯನ್ನು ನಂಬಿ ಬದುಕು ಕಟ್ಟಿಕೊಂಡವನಿಗೆ ಅಂಗಡಿ ಮುಚ್ಚಿದ ದಿನ ಸಿಗುವ ಸ್ವಾತಂತ್ರ್ಯ ಇಂಥದ್ದು.

ಈಗ ಮೊಮ್ಮಗನ ಕಥೆ.

ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಗೇಮ್ ಅಂದರೆ ಒಂದು ಡಿಸ್ಕ್. ರೂಮಿನಿಂದ ರೂಮಿಗೆ ಹೋಗುತ್ತಿತ್ತು. ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಒಂದು ಒರಿಜಿನಲ್ ಬಾಕ್ಸ್ ಕೊಂಡೆ. ಡಿಸ್ಕ್ ಇದೆ, ಪುಸ್ತಕ ಇದೆ, ಕೋಡ್ ಇದೆ. ಹಾಕಿದರೆ 'ಈ ಕೋಡ್ ಈಗಾಗಲೇ ಬಳಕೆಯಾಗಿದೆ' ಅಂತ ಬಂತು. ಸೀನಿಯರ್ ಅಕೌಂಟಿಗೆ ಅದು ಅಂಟಿಕೊಂಡಿತ್ತು. ಕೈಯಲ್ಲಿ ಮಿರಮಿರ ಮಿನುಗುವ ಡಿಸ್ಕ್, ಆಟ ಮಾತ್ರ ಇಲ್ಲ. ಆವತ್ತು ನಕ್ಕು ಸುಮ್ಮನಾದೆ. ಏನೋ ಬದಲಾಗಿದೆ ಅಂತ ಆವತ್ತೇ ಗೊತ್ತಾಗಬೇಕಿತ್ತು.

ಬದಲಾವಣೆ ಶುರುವಾಗಿದ್ದು ಅದಕ್ಕೂ ಮೊದಲು. 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಲ್ವ್ ಕಂಪನಿ 'ಸ್ಟೀಮ್' ತಂದಿತು. 2004ರ ನವೆಂಬರ್‌ನಲ್ಲಿ ಅವರ 'ಹಾಫ್-ಲೈಫ್ 2' ಬಂತು. ಅಂಗಡಿಯಲ್ಲಿ ಡಿಸ್ಕ್ ಕೊಂಡವನೂ ಮನೆಗೆ ಬಂದು ಸ್ಟೀಮ್ ಅಕೌಂಟ್ ತೆರೆದು, ಇಂಟರ್ನೆಟ್‌ನಲ್ಲಿ ನೋಂದಾಯಿಸಿದ ಮೇಲೇ ಆಡಬೇಕು. ಜನ ಬೈದರು. ಆಮೇಲೆ ಒಗ್ಗಿಕೊಂಡರು. ಯಾಕೆ? ಅನುಕೂಲ ಇತ್ತು. ಡಿಸ್ಕ್ ಗೀಚಾಗುವ ಭಯ ಇಲ್ಲ, ಯಾವ ಕಂಪ್ಯೂಟರ್‌ನಲ್ಲಾದರೂ ಲಾಗಿನ್ ಆಗಿ ಇಳಿಸಿಕೊಳ್ಳಬಹುದು, ಹಬ್ಬಕ್ಕೆ ಡಿಸ್ಕೌಂಟ್. ಕಳ್ಳ ಕಾಪಿ, ಮೋಸದ ಆಟಗಾರರನ್ನು ತಡೆಯಲೂ ಸುಲಭ. ಈ ಲಾಭಗಳು ಸುಳ್ಳಲ್ಲ, ಮೀಸಲು ಪ್ರದೇಶದ ಕಬ್ಬಿಗೆ ಖಚಿತ ಗಿರಾಕಿ ಇದ್ದದ್ದೂ ಸುಳ್ಳಲ್ಲ.

ಸ್ಟೀಮ್ ಗೆದ್ದದ್ದು ನೋಡಿ ಉಳಿದವರೂ ತಮ್ಮತಮ್ಮ ಅಂಗಡಿ ಹಾಕಿದರು. 2011ರಲ್ಲಿ ಇಎ ಕಂಪನಿಯ 'ಒರಿಜಿನ್'. 2018ರ ಡಿಸೆಂಬರ್‌ನಲ್ಲಿ 'ಎಪಿಕ್ ಗೇಮ್ಸ್ ಸ್ಟೋರ್'. ಗೇಮ್ ಮಾಡುವವರಿಂದ ಬೇರೆಯವರು ಸಾಮಾನ್ಯವಾಗಿ ಶೇಕಡ 30 ಕಮಿಷನ್ ತೆಗೆದುಕೊಂಡರೆ ನಮಗೆ 12 ಸಾಕು ಅಂದಿತು ಎಪಿಕ್. ಗೇಮ್ ಮಾಡುವವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಆಡುವವನಿಗೆ? 2019ರ ಜನವರಿಯಲ್ಲಿ 'ಮೆಟ್ರೋ ಎಕ್ಸೋಡಸ್' ಬಿಡುಗಡೆಗೆ ಕೆಲವೇ ವಾರ ಇರುವಾಗ ಸ್ಟೀಮ್‌ನಿಂದ ಎದ್ದು ಎಪಿಕ್ ಅಂಗಡಿಗೆ ಹೋಯಿತು. ಕುದುರೆ ಹಡಗು ಭಟ್ಕಳ ಬಿಟ್ಟು ಗೋವಾಕ್ಕೆ ತಿರುಗಿದ ಹಾಗೆ!

ಅಕೌಂಟಿಗೆ ಬೀಗ ಬೀಳುವುದು ಅಂದರೆ ಏನು ಅಂತ ಜಗತ್ತಿಗೆ ಚೆನ್ನಾಗಿ ಗೊತ್ತಾದದ್ದು 2018ರ ಜೂನ್‌ನಲ್ಲಿ. 'ಫೋರ್ಟ್‌ನೈಟ್' ಆಗ ಮಕ್ಕಳ ಹುಚ್ಚು. ಅದು ನಿಂಟೆಂಡೋ ಕಂಪನಿಯ ಸ್ವಿಚ್ ಯಂತ್ರಕ್ಕೂ ಬಂತು. ಅಕೌಂಟ್ ಎಪಿಕ್ ಕಂಪನಿಯದು, ಹಾಗಾಗಿ ಎಲ್ಲ ಕಡೆ ನಡೆಯಬೇಕು ತಾನೆ? ನಡೆಯಲಿಲ್ಲ. ಯಾರು ಯಾರು ಆ ಅಕೌಂಟನ್ನು ಸೋನಿ ಪ್ಲೇಸ್ಟೇಷನ್‌ಗೆ ಜೋಡಿಸಿದ್ದರೋ ಅವರಿಗೆ ಸ್ವಿಚ್‌ನಲ್ಲಿ ಪ್ರವೇಶ ಇಲ್ಲ. ಕೊಂಡ ಬಟ್ಟೆ, ಗೆದ್ದ ಪದಕ ಯಾವುದೂ ಬರುವುದಿಲ್ಲ, ಮೊದಲಿಂದ ಶುರು ಮಾಡಿ. ಆಟಗಾರರು ಗಲಾಟೆ ಎಬ್ಬಿಸಿದರು. ಮೂರು ತಿಂಗಳ ಮೇಲೆ, ಸೆಪ್ಟೆಂಬರ್‌ನಲ್ಲಿ ಸೋನಿ ಬಾಗಿಲು ತೆಗೆಯಿತು. ಇಂಜಿನಿಯರ್ ಆಗಿ ಹೇಳುತ್ತೇನೆ ಕೇಳಿ. ತಾಂತ್ರಿಕವಾಗಿ ಸಾಧ್ಯವಿಲ್ಲ ಅನ್ನುವುದು ಇಲ್ಲಿ ಇರಲೇ ಇಲ್ಲ. ನಿಮ್ಮ ಆಟದ ದಾಖಲೆ ಕಂಪನಿಯ ಸರ್ವರ್‌ನಲ್ಲಿ ಒಂದು ಸಾಲು. ಆ ಸಾಲನ್ನು ಯಾವ ಬಾಗಿಲಿನಿಂದ ಓದಲು ಬಿಡಬೇಕು ಅನ್ನುವುದು ವ್ಯಾಪಾರದ ತೀರ್ಮಾನ. ಮನಸ್ಸು ಮಾಡಿದ ದಿನ ಬಾಗಿಲು ತೆರೆಯಿತು.

ಅಂಗಡಿ ಮುಚ್ಚಿದರೆ? ಅದಕ್ಕೂ ಉದಾಹರಣೆ ಇದೆ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಅನ್ನುವ ಕಾರ್ ರೇಸಿನ ಆಟ 2014ರ ಡಿಸೆಂಬರ್‌ನಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬನೇ ಕೂತು ಆಡುವಂತೆಯೂ ಇಲ್ಲ, ಡಿಸ್ಕ್ ಇದ್ದವನಿಗೂ ಇಲ್ಲ. ಅದರಿಂದಲೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹುಟ್ಟಿತು, ಯುರೋಪಿನಲ್ಲಿ ಅದರ ಅರ್ಜಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು, 2025ರ ಜನವರಿ 1ರಿಂದ ಜಾರಿ. ನೀವು ಕೊಡುತ್ತಿರುವುದು ಬರೀ ಲೈಸೆನ್ಸ್ ಆದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು, ಸುಮ್ಮನೆ 'ಖರೀದಿಸಿ' ಅಂತ ಬಟನ್ ಹಾಕುವಂತಿಲ್ಲ. ಸ್ಟೀಮ್ ಕೂಡ ಈಗ ಹಣ ಕಟ್ಟುವ ಮುಂಚೆ ಇದು ಲೈಸೆನ್ಸ್ ಅಂತ ತೋರಿಸುತ್ತದೆ.

ನಮ್ಮ ದೇಶದಲ್ಲಿ? 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧ ಆಯಿತು. 2021ರ ಜುಲೈನಲ್ಲಿ ಅದರ ಭಾರತೀಯ ರೂಪ ಬಿಜಿಎಂಐ ಬಂತು, ಹಳೆಯ ಅಕೌಂಟಿನ ಸಾಮಾನು ಸಾಗಿಸಿಕೊಳ್ಳಲು ಅವಕಾಶವನ್ನೂ ಕೊಟ್ಟರು. 2022ರ ಜುಲೈನಲ್ಲಿ ಅದೂ ಎರಡೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ದೇಶದ ಭದ್ರತೆಯ ಪ್ರಶ್ನೆ ಬೇರೆ, ಅದನ್ನು ಸರ್ಕಾರ ನೋಡಲಿ. ಆದರೆ ಇಷ್ಟು ಏರಿಳಿತದಲ್ಲಿ ಆಡುವ ಹುಡುಗನ ಅಕೌಂಟ್ ಯಾರದ್ದು ಅನ್ನುವ ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ ಪ್ಲೇ ಸ್ಟೋರ್ ಪಾವತಿ ನಿಯಮಗಳ ವಿಷಯದಲ್ಲಿ 936.44 ಕೋಟಿ ರೂಪಾಯಿ ದಂಡ ಹಾಕಿತು, ಮೇಲ್ಮನವಿಯಲ್ಲಿ ಅದು ಇಳಿಯಿತು. ಆ ಜಗಳ ಇದ್ದದ್ದು ಆ್ಯಪ್ ಮಾಡುವವರಿಗೂ ಅಂಗಡಿಗೂ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಮಾಡಿತು. ಅದರ ಗುರಿ ದುಡ್ಡು ಕಟ್ಟಿ ಆಡುವ ಜೂಜಿನ ಆಟಗಳು. ಅದು ಬೇಕಿತ್ತು. ಚಿತ್ತವಾಡ್ಗಿಯ ಹುಡುಗನ ಅಕೌಂಟ್ ಅದರಲ್ಲಿ ಬರುವುದಿಲ್ಲ.

ಬೀಗ ತೆಗೆಸುವುದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. 2011ಕ್ಕಿಂತ ಮೊದಲು ಮೊಬೈಲ್ ಕಂಪನಿ ಬದಲಾಯಿಸಿದರೆ ನಂಬರ್ ಹೋಗುತ್ತಿತ್ತು. ನೆಂಟರಿಗೆ, ಬ್ಯಾಂಕಿಗೆ, ಗಿರಾಕಿಗಳಿಗೆಲ್ಲ ಹೊಸ ನಂಬರ್ ಹೇಳಬೇಕು ಅಂತ ಜನ ನೆಟ್‌ವರ್ಕ್ ಇಲ್ಲದಿದ್ದರೂ ಬೈದುಕೊಂಡು ಅಲ್ಲೇ ಇರುತ್ತಿದ್ದರು. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ, 2011ರ ಜನವರಿ 20ರಿಂದ ದೇಶಕ್ಕೆಲ್ಲ ನಂಬರ್ ಪೋರ್ಟಬಿಲಿಟಿ ಬಂತು. ನಂಬರ್ ಗ್ರಾಹಕನ ಜೊತೆ ಹೋಗಬೇಕು ಅಂತ ನಿಯಮ ಮಾಡಿದರು. ಆಗಲೂ ಕಂಪನಿಗಳು ಸಾವಿರ ಕಾರಣ ಹೇಳಿದವು. ಇವತ್ತು ಪೋರ್ಟ್ ಮಾಡಿಸುವುದು ತರಕಾರಿ ಅಂಗಡಿ ಬದಲಾಯಿಸಿದಷ್ಟು ಮಾಮೂಲು.

ಗೇಮ್ ಅಕೌಂಟ್ ಪೂರ್ತಿ ಹಾಗೇ ಮಾಡಲು ಆಗುವುದಿಲ್ಲ ನಿಜ. ಒಂದು ಆಟದ ಬಂದೂಕನ್ನು ಇನ್ನೊಂದು ಆಟಕ್ಕೆ ಒಯ್ಯಿರಿ ಅಂತ ಯಾರೂ ಕೇಳುತ್ತಿಲ್ಲ. ಕೇಳುವುದು ಇಷ್ಟು. ಒಂದು, ಅದೇ ಆಟ ಬೇರೆ ಅಂಗಡಿಯಲ್ಲೂ ಇದ್ದರೆ ನನ್ನ ಅಕೌಂಟ್ ಅಲ್ಲಿಗೂ ಬರಲಿ. ಎರಡು, ಯಾವ ಲಾಗಿನ್ ಎಲ್ಲಿ ನಡೆಯುವುದಿಲ್ಲ ಅನ್ನುವುದನ್ನು ಮೊದಲ ದಿನವೇ, ದುಡ್ಡು ಕಟ್ಟುವ ಮುಂಚೆ, ಕನ್ನಡದಲ್ಲಿ ಹೇಳಲಿ. ಮೂರು, ಸರ್ವರ್ ನಿಲ್ಲಿಸುವುದಾದರೆ ಮುಂಚಿತವಾಗಿ ತಿಳಿಸಿ, ಹೊಸದಾಗಿ ಕಟ್ಟಿದವನ ಹಣ ವಾಪಸ್ ಕೊಡಲಿ. ಒಂದು ಕಾರ್ಖಾನೆಗೆ ರೈತನನ್ನು ಕಟ್ಟಿಹಾಕಿದ ಸರ್ಕಾರ 14 ದಿನದ ಗಡುವು, ಶೇಕಡ 15ರ ಬಡ್ಡಿ ಅಂತ ಕಾರ್ಖಾನೆಯ ಕಾಲಿಗೂ ಹಗ್ಗ ಹಾಕಿತ್ತು. ಡಿಜಿಟಲ್ ಅಂಗಡಿಯ ಕಾಲಿಗೆ ಏನಿದೆ? 'ಐ ಅಗ್ರೀ' ಅಂತ ನಾವು ಓದದೆ ಒತ್ತಿದ ಮೂವತ್ತು ಪುಟದ ಕರಾರು, ಅದನ್ನು ಬರೆದವರೂ ಅವರೇ.

ಮನೆಯಲ್ಲಿ ಮಕ್ಕಳಿದ್ದರೆ ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಆಡುವುದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಭಾಷಣ ಆಮೇಲಿರಲಿ. ನಿನ್ನ ಅಕೌಂಟ್ ಯಾವುದಕ್ಕೆ ಕಟ್ಟಿದೆ, ಫೋನ್ ಬದಲಾದರೆ ಬರುತ್ತದಾ ಅಂತ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಲಾಗಿನ್ ಜೋಡಿಸುವ ಅವಕಾಶ ಇದ್ದರೆ ಹಳೆಯ ಫೋನ್ ಕೈಯಲ್ಲಿ ಇರುವಾಗಲೇ ಜೋಡಿಸಿಬಿಡಿ.

ಚಿತ್ತವಾಡ್ಗಿಯ ಹುಡುಗನಿಗೂ ಇದನ್ನೇ ಹೇಳಿದೆ. ಹಳೆಯ ಫೋನ್ ಎಲ್ಲಿ ಅಂದೆ. ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟಿದ್ದರು. ಆದರೆ ಮನೆಯಲ್ಲಿ ತಾತನ ಹತ್ತಿರ ಹಳೆಯ ಥರದ ಒಂದು ಫೋನ್ ಇತ್ತು, ಆ ಅಂಗಡಿಯದ್ದೇ. ಅದರಲ್ಲಿ ಲಾಗಿನ್ ಆಗಿ ನೋಡು ಅಂದೆ. ಹುಡುಗ ಪಾಸ್‌ವರ್ಡ್ ಹೊಡೆದ, ತಾತ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು. ತೆರೆಯಿತು. ಹುಡುಗ ಕುಣಿದ. ತಾತ ಫೋನ್ ವಾಪಸ್ ಇಸಿದುಕೊಳ್ಳುತ್ತಾ ನನ್ನ ಕಡೆ ತಿರುಗಿ ಕೇಳಿದರು:

"ಇವಂದೇನೋ ತೆಗೀತು. ನಮ್ ಫ್ಯಾಕ್ಟರಿದು ಯಾವಾಗ್ರೀ ಸರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದವರು ಈ ಕಾರ್ಯಕ್ರಮ ನೋಡುತ್ತಿದ್ದರೆ ಹೊಸಪೇಟೆಗೆ ಹೋಗಿ ಅವರಿಗೇ ಹೇಳಲಿ.